ದಿಂಬಂ ಹತ್ತುವಾಗ ಗಾಡಿ ಹೀಟಾದರೆ: ಕೂಲಿಂಗ್ ದೋಷ ಹುಡುಕುವ ಬಗೆ, ಫ್ಲಶ್ ಮಾಡುವ ಕ್ರಮ

ಕೋಸು, ಟೊಮೆಟೊ, ಬಾಳೆಗೊನೆ ತುಂಬಿಕೊಂಡು ತಮಿಳುನಾಡಿನ ಗಡಿ ಸೀಮೆಯಾದ ತಾಳವಾಡಿಯಿಂದ ಕೆಳಗಿನ ಸತ್ಯಮಂಗಲಕ್ಕೋ ಮೇಟುಪಾಳ್ಯದ ಮಂಡಿಗೋ ಹೋಗುವ ಪಿಕಪ್‌ಗಳಲ್ಲಿ ಕೂಲಿಂಗ್ ದೋಷವಿದ್ದರೂ ಹೋಗುವಾಗ ಗೊತ್ತಾಗುವುದಿಲ್ಲ. ಹಾಸನೂರು ದಾಟಿ ಘಾಟಿಯ ತುದಿಯ ದಿಂಬಂ ಬಂದ ಮೇಲೆ ಬರೀ ಇಳಿಜಾರು. ಲೋಡು ಎಷ್ಟೇ ಇರಲಿ, ಎಂಜಿನ್ನಿಗೆ ಶ್ರಮವಿಲ್ಲ, ಟೆಂಪರೇಚರ್ ಮುಳ್ಳು ಅಲ್ಲಾಡುವುದಿಲ್ಲ. ದೋಷ ಹೊರಬೀಳುವುದು ವಾಪಸ್ ಬರುವಾಗ. ಘಾಟಿಯ ಬುಡದ ಬಣ್ಣಾರಿ ಚೆಕ್‌ಪೋಸ್ಟ್ ದಾಟಿ 27 ಹೇರ್‌ಪಿನ್ ತಿರುವು ಹತ್ತಬೇಕು. ಗೊಬ್ಬರದ ಮೂಟೆಯೋ ಸಿಮೆಂಟೋ ಹೇರಿಕೊಂಡಿದ್ದರೆ ಪೂರ್ತಿ ಫಸ್ಟ್, ಸೆಕೆಂಡ್ ಗೇರಿನ ದಾರಿ. ಮೇಲಿನ ಯಾವುದೋ ತಿರುವಿನಲ್ಲಿ ಲಾರಿ ಸಿಕ್ಕಿಕೊಂಡಿದ್ದರಂತೂ ಸಾಲು ನಿಂತು ನಿಂತು ಸಾಗುತ್ತದೆ. ಹೋಗುವಾಗ ಅಡಗಿದ್ದ ದೋಷ ಆಗ ಹಬೆಯಾಗಿ ಬಾನೆಟ್ಟಿನಿಂದ ಏಳುತ್ತದೆ.

ಅದು ಗಾಡಿ ಕೆಟ್ಟು ನಿಲ್ಲುವ ಜಾಗವೇ ಅಲ್ಲ. ಸತ್ಯಮಂಗಲ ಹುಲಿ ಮೀಸಲು ಕಾಡಿನ ನಡುವಿನ ರಸ್ತೆ, ಆನೆ ಓಡಾಡುವ ಜಾಗ. 2022ರ ಫೆಬ್ರವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ. ಸಂಜೆ ಹೊತ್ತಿಗೆ ಅಲ್ಲಿ ಕೆಟ್ಟು ನಿಂತರೆ ಮೆಕ್ಯಾನಿಕ್ ಬರುವ ಮಾತು ದೂರ. ಆದ್ದರಿಂದ ಈ ದೋಷವನ್ನು ಊರಿನಲ್ಲೇ, ಗಾಡಿ ತಣ್ಣಗಿರುವಾಗಲೇ ಹುಡುಕಿ ಹಿಡಿಯಬೇಕು.

ಮೊದಲ ಪ್ರಶ್ನೆ: ಯಾವಾಗ?

"ಅಣ್ಣ, ಗಾಡಿ ಹೀಟಾಯ್ತದೆ, ರೇಡಿಯೇಟರ್ ಬದ್ಲಾಯಿಸ್ಬುಡು" ಅಂತ ಬರುವವರೇ ಹೆಚ್ಚು. ಬಿಡಿಭಾಗದ ಮಾತು ಆಮೇಲೆ. ಮೊದಲು ಕೇಳಬೇಕಾದ್ದು, "ಯಾವಾಗ ಹೀಟಾಯ್ತದಪ್ಪ?" ಈ ಪ್ರಶ್ನೆಗೆ ಡ್ರೈವರ್ ಸರಿಯಾಗಿ ಉತ್ತರ ಕೊಟ್ಟರೆ ಸ್ಪ್ಯಾನರ್ ಹಿಡಿಯುವ ಮೊದಲೇ ಅರ್ಧ ಕೆಲಸ ಮುಗಿದಂತೆ.

ನಿಂತಾಗ, ಸಾಲಿನಲ್ಲಿ ತೆವಳುವಾಗ ಮುಳ್ಳು ಏರಿ, ಬಯಲಿನಲ್ಲಿ ಐವತ್ತು ಅರವತ್ತರ ವೇಗಕ್ಕೆ ಬಂದ ಕೂಡಲೇ ಇಳಿದರೆ ತೊಂದರೆ ಗಾಳಿಯದು. ಓಡುವಾಗ ಎದುರುಗಾಳಿ ತಾನಾಗಿ, ಎಂಜಿನ್ನಿನ ನೀರು ತಣಿಸುವ ರೇಡಿಯೇಟರ್ ಒಳಗೆ ನುಗ್ಗುತ್ತದೆ. ನಿಂತಾಗ ಆ ಗಾಳಿಯನ್ನು ಫ್ಯಾನೇ ಎಳೆಯಬೇಕು. ಹಾಗಾಗಿ ಫ್ಯಾನ್, ಫ್ಯಾನ್ ಕ್ಲಚ್, ಬೆಲ್ಟ್, ಹೊರಗಿನ ಕೊಳೆ, ಇವನ್ನು ನೋಡಿ.

ಐಡ್ಲಿಂಗ್‌ನಲ್ಲಿ ಎಷ್ಟು ಹೊತ್ತು ನಿಂತರೂ ಸರಿಯಿದ್ದು, ಏರು ಹತ್ತುವಾಗ ಅಥವಾ ವೇಗವಾಗಿ ಓಡುವಾಗ ಮಾತ್ರ ಏರಿದರೆ ತೊಂದರೆ ನೀರಿನ ಹರಿವಿನದು. ಎಂಜಿನ್ ಹುಟ್ಟಿಸುವ ಬಿಸಿ ಜಾಸ್ತಿ, ಅದನ್ನು ಸಾಗಿಸುವ ನೀರು ಕಡಿಮೆ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ಕೆಳಗಿನ ಹೋಸ್ ಪಂಪಿನ ಸೆಳೆತಕ್ಕೆ ಚಪ್ಪಟೆಯಾಗುತ್ತಿರಬಹುದು, ನೀರು ಸುತ್ತಿಸುವ ಪಂಪಿನ ರೆಕ್ಕೆ ಸವೆದಿರಬಹುದು, ನೀರು ಬಿಸಿಯಾದಾಗ ರೇಡಿಯೇಟರಿಗೆ ದಾರಿ ಬಿಡುವ ಬಾಗಿಲಾದ ಥರ್ಮೋಸ್ಟಾಟ್ ಅರ್ಧವೇ ತೆರೆಯುತ್ತಿರಬಹುದು. ದಿಂಬಂ ಹತ್ತುವಾಗ ಬರುವ ದೂರುಗಳು ಬಹುಪಾಲು ಈ ಗುಂಪಿನವು.

ಬೆಳಗ್ಗೆ ಸ್ಟಾರ್ಟ್ ಮಾಡಿ ಹತ್ತೇ ನಿಮಿಷಕ್ಕೆ ಮುಳ್ಳು ಕೆಂಪಿಗೆ ಹೋದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕೂತಿದೆ, ಇಲ್ಲವೇ ಒಳಗೆ ಗಾಳಿ ಸಿಕ್ಕಿಕೊಂಡಿದೆ, ಇಲ್ಲವೇ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಅಡಿಯ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿದೆ. ಇಳಿಜಾರಿನಲ್ಲಿ ಮುಳ್ಳು ತೀರಾ ಕೆಳಗೆ ಬಿದ್ದು ಬಯಲಿನಲ್ಲೂ ಮಧ್ಯಕ್ಕೆ ಬಾರದಿದ್ದರೆ ಥರ್ಮೋಸ್ಟಾಟ್ ತೆರೆದೇ ಉಳಿದಿದೆ ಅಥವಾ ಯಾರೋ ಅದನ್ನು ಕಿತ್ತುಹಾಕಿದ್ದಾರೆ. ಮುಳ್ಳು ಏರಿ, ಇಳಿದು, ಮತ್ತೆ ಏರಿ ಕುಣಿಯುತ್ತಿದ್ದರೆ ಮೊದಲು ಕೂಲಂಟ್, ಅಂದರೆ ಎಂಜಿನ್ ತಣಿಸುವ ನೀರಿನ ಮಟ್ಟ ನೋಡಿ, ಆಮೇಲೆ ಸೆನ್ಸರಿನ ವೈರು ಮತ್ತು ಅರ್ತಿಂಗ್.

ಒಂದು ಅಪಾಯದ ವಿಷಯ ಇಲ್ಲೇ ಹೇಳಿಬಿಡಬೇಕು. ನೀರು ತೀರಾ ಕಡಿಮೆಯಾಗಿ ಸೆನ್ಸರಿನ ತುದಿ ನೀರಿನಿಂದ ಹೊರಗೆ ಉಳಿದರೆ ಮುಳ್ಳು ಮೇಲಕ್ಕೆ ಹೋಗುವ ಬದಲು ಕೆಳಗೆ ಬೀಳಬಹುದು. ಎಂಜಿನ್ ಸುಡುತ್ತಿರುತ್ತದೆ, ಮೀಟರ್ ಮಾತ್ರ ತಣ್ಣಗೆ ತೋರಿಸುತ್ತದೆ. ಏರಿನ ಮಧ್ಯೆ ಮುಳ್ಳು ಇದ್ದಕ್ಕಿದ್ದಂತೆ ಬಿದ್ದರೆ ಗಾಡಿ ತಣಿಯಿತು ಅಂದುಕೊಂಡು ಮುಂದೆ ಓಡಿಸಬೇಡಿ.

ಘಾಟಿಯಲ್ಲಿ ಏರಿಬಿಟ್ಟರೆ

ಮುಳ್ಳು ಮುಕ್ಕಾಲು ದಾಟುತ್ತಿದ್ದಂತೆ ಎಸಿ ಇದ್ದರೆ ಆಫ್ ಮಾಡಿ, ಹೀಟರ್ ಇದ್ದರೆ ಫುಲ್ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿ. ಸೆಕೆಯಲ್ಲಿ ಕಷ್ಟ, ಆದರೆ ಹೀಟರ್ ಕೋರ್ ಕೂಡ ಒಂದು ಪುಟ್ಟ ರೇಡಿಯೇಟರೇ. ಒಂದು ಗೇರ್ ಕೆಳಗಿಳಿಸಿ. ದೊಡ್ಡ ಗೇರಿನಲ್ಲಿ ಗಾಡಿಯನ್ನು ಎಳೆದಾಡಿಸಿದರೆ ಎಂಜಿನ್ನಿಗೆ ಶ್ರಮ ಜಾಸ್ತಿ, ಪಂಪೂ ಬೆಲ್ಟಿನ ಫ್ಯಾನೂ ನಿಧಾನ. ಚಿಕ್ಕ ಗೇರಿನಲ್ಲಿ ಆರ್‌ಪಿಎಂ ಏರಿದಾಗ ಅವೆರಡೂ ಜೋರಾಗಿ ತಿರುಗುತ್ತವೆ.

ಅಷ್ಟಕ್ಕೂ ಇಳಿಯದಿದ್ದರೆ ತಿರುವು ಬಿಟ್ಟು, ಹಿಂದಿನವರಿಗೆ ಕಾಣುವ ಅಗಲದ ಜಾಗದಲ್ಲಿ ನಿಲ್ಲಿಸಿ. ಹಬೆ ಬರುತ್ತಿಲ್ಲ, ಬೆಲ್ಟ್ ಸರಿಯಿದೆ ಅಂದರೆ ಒಂದೆರಡು ನಿಮಿಷ ನ್ಯೂಟ್ರಲ್‌ನಲ್ಲಿ ಸ್ವಲ್ಪ ರೇಸ್ ಕೊಟ್ಟು ಓಡಲು ಬಿಡಿ, ನೀರು ಸುತ್ತಾಡಿ ಬಿಸಿ ಇಳಿಯುತ್ತದೆ. ಹಬೆ ಬರುತ್ತಿದ್ದರೆ, ನೀರು ಸುರಿದುಹೋಗಿದ್ದರೆ, ಬೆಲ್ಟ್ ತುಂಡಾಗಿದ್ದರೆ ಆ ಕ್ಷಣವೇ ಆಫ್. ಮುಚ್ಚಳ ಮುಟ್ಟಬೇಡಿ. ಒಳಗಿನ ನೀರು ನೂರು ಡಿಗ್ರಿಗೂ ಮೇಲೆ ಇದ್ದು ಕುದಿಯದೆ ಇರುವುದು ಒತ್ತಡದಿಂದ ಮಾತ್ರ. ಮುಚ್ಚಳ ಸಡಿಲಿಸಿದ ತಕ್ಷಣ ಒತ್ತಡ ಹೋಗಿ ಅಷ್ಟೂ ನೀರು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕನಿಷ್ಠ ಅರ್ಧ ಗಂಟೆ, ಮೇಲಿನ ಹೋಸ್ ಹಿಸುಕಿದರೆ ಮೆತ್ತಗಾಗುವವರೆಗೆ ಕಾಯಬೇಕು. ಕಾದ ಎಂಜಿನ್ ಮೇಲೆ ತಣ್ಣೀರು ಎರಚುವವರಿದ್ದಾರೆ. ಅದರಿಂದ ಹೆಡ್ ಬಿರಿಯುತ್ತದೆ, ಸೊಟ್ಟಗಾಗುತ್ತದೆ. ತಣಿದ ಮೇಲೆ ನೀರು ಹಾಕುವಾಗಲೂ ಎಂಜಿನ್ ಸ್ಟಾರ್ಟ್ ಮಾಡಿ, ನಿಧಾನವಾಗಿ ಹಾಕಿ.

ಹಣ ಖರ್ಚಿಲ್ಲದೆ ನೋಡಬಹುದಾದವು

ಬೆಳಗ್ಗೆ, ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ಎತ್ತಿ. ರಿಸರ್ವ್ ಟ್ಯಾಂಕಿನಲ್ಲಿ ನೀರು ಕೆಳಗೆರೆ ಮತ್ತು ಮೇಲ್ಗೆರೆಯ ನಡುವೆ ಇರಬೇಕು. ಅದನ್ನಷ್ಟೇ ನೋಡಿ ನಂಬಬೇಡಿ. ರೇಡಿಯೇಟರ್ ಮೇಲೆ ಮುಚ್ಚಳವಿರುವ ಗಾಡಿಯಾದರೆ ಅದನ್ನೂ ತೆಗೆದು, ನೀರು ಕುತ್ತಿಗೆಯವರೆಗೆ ಇದೆಯೇ ನೋಡಿ. ಟ್ಯಾಂಕಿನಲ್ಲಿ ಭರ್ತಿ ಇದ್ದು ರೇಡಿಯೇಟರ್ ಖಾಲಿ ಇರುವುದೂ ಉಂಟು. ಅದಕ್ಕೆ ಕಾರಣ ಮುಚ್ಚಳ.

ಈ ಮುಚ್ಚಳದಷ್ಟು ಅಲಕ್ಷ್ಯಕ್ಕೆ ಒಳಗಾದ ಭಾಗ ಇನ್ನೊಂದಿಲ್ಲ. ಅದರ ಮೇಲೆ 0.9, 1.1 ಹೀಗೆ ಅಂಕಿ ಇರುತ್ತದೆ. ಎಷ್ಟು ಬಾರ್ ಒತ್ತಡದವರೆಗೆ ಅದು ಹಿಡಿದಿಡುತ್ತದೆ ಎಂಬ ಲೆಕ್ಕ ಅದು. ದಿಂಬಂ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಅಷ್ಟು ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳ 0.9 ಬಾರ್ ಹಿಡಿದರೆ ಅದೇ ನೀರು 115 ದಾಟುವವರೆಗೂ ಕುದಿಯದು. ಏರು ಹತ್ತುವ ಎಂಜಿನ್ 95, 100 ಡಿಗ್ರಿಗೆ ಹೋಗುವುದು ಸಹಜ. ಮುಚ್ಚಳದ ರಬ್ಬರ್ ಬಿರಿದಿದ್ದರೆ, ಸ್ಪ್ರಿಂಗ್ ಸೋತಿದ್ದರೆ, ಉಳಿದದ್ದೆಲ್ಲ ಸರಿಯಿದ್ದರೂ ಗಾಡಿ ಮೇಲಿನ ತಿರುವುಗಳಲ್ಲಿ ಕುದಿಯುತ್ತದೆ. ಕೆಳಗೆ ಸತ್ಯಮಂಗಲದಲ್ಲಿ ನಿಲ್ಲಿಸಿ ನೋಡಿದ ಮೆಕ್ಯಾನಿಕ್‌ಗೆ ಏನೂ ಕಾಣುವುದಿಲ್ಲ.

ಮುಚ್ಚಳದ ನಡುವೆ ಇನ್ನೊಂದು ಚಿಕ್ಕ ವಾಲ್ವ್ ಇದೆ. ಎಂಜಿನ್ ತಣಿಯುವಾಗ ಅದು ತೆರೆದು ಟ್ಯಾಂಕಿನ ನೀರನ್ನು ರೇಡಿಯೇಟರಿಗೆ ವಾಪಸ್ ಬಿಡಬೇಕು. ಅದು ಕಚ್ಚಿಕೊಂಡರೆ ನೀರು ಹೋದದ್ದು ವಾಪಸ್ ಬರುವುದಿಲ್ಲ. ಬೆಳಗ್ಗೆ ನೋಡಿದರೆ ಮೇಲಿನ ಹೋಸ್ ಚಪ್ಪಟೆಯಾಗಿರುತ್ತದೆ. ಆ ವಾಲ್ವನ್ನು ಉಗುರಿನಿಂದ ಮೆಲ್ಲಗೆ ಎಳೆದು ನೋಡಿ, ಆಡುತ್ತಿರಬೇಕು. ಸಂಶಯವಿದ್ದರೆ ಅದೇ ಅಂಕಿಯ ಹೊಸದನ್ನು ಹಾಕಿ. ಹೆಚ್ಚು ಒತ್ತಡದ್ದನ್ನು ಹಾಕಿದರೆ ಒಳ್ಳೆಯದೆಂದು ತಿಳಿಯಬೇಡಿ, ಹಳೆಯ ಹೋಸ್ ಒಡೆಯುತ್ತದೆ.

ಇನ್ನು ರೇಡಿಯೇಟರಿನ ಮುಖ. ನಮ್ಮ ಸೀಮೆಯಲ್ಲಿ ಸುಗ್ಗಿ ಕಾಲಕ್ಕೆ ಹುರುಳಿ, ರಾಗಿ ಒಕ್ಕಣೆ ರಸ್ತೆಯ ಮೇಲೇ ನಡೆಯುತ್ತದೆ. ಅದರ ಮೇಲೆ ಓಡಿದ ಗಾಡಿಯ ಜಾಲರಿಯಲ್ಲಿ ಹೊಟ್ಟು ಸೇರಿಕೊಂಡು, ಮೇಲೆ ಕೆಂಪು ಧೂಳು, ಹುಳ ಅಂಟಿ ಗಟ್ಟಿಯಾಗುತ್ತದೆ. ಎಸಿ ಇರುವ ಗಾಡಿಯಲ್ಲಿ ಇನ್ನೂ ಮೋಸ. ಎದುರಿಗೆ ಕಾಣುವುದು ಎಸಿಯ ಕಂಡೆನ್ಸರ್. ಅದು ಚೊಕ್ಕಟವಾಗಿರುತ್ತದೆ, ಅದಕ್ಕೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಕಸದ ಹಾಸೇ ಇರುತ್ತದೆ. ಟಾರ್ಚ್ ಹಿಡಿದು ಸಂದಿಯಲ್ಲಿ ನೋಡಿ. ತೊಳೆಯುವಾಗ ಗಾಳಿ ಬರುವ ದಿಕ್ಕಿಗೆ ಎದುರಾಗಿ, ಅಂದರೆ ಎಂಜಿನ್ ಕಡೆಯಿಂದ ಮುಂದಕ್ಕೆ, ಸಾಧಾರಣ ಪೈಪಿನ ನೀರು ಬಿಡಿ. ವಾಟರ್ ಸರ್ವಿಸಿನ ಗನ್ ಹತ್ತಿರ ಹಿಡಿದರೆ ತೆಳು ಫಿನ್‌ಗಳು ಮಡಚಿ ಗಾಳಿಯ ದಾರಿ ಪೂರ್ತಿ ಮುಚ್ಚುತ್ತದೆ. ಮುಂದೆ ಕಟ್ಟಿದ ದೊಡ್ಡ ಬೋರ್ಡು, ಆಯುಧಪೂಜೆಗೆ ಕಟ್ಟಿ ವಾರವಾದರೂ ಬಿಚ್ಚದ ಬಾಳೆಕಂದು ಕೂಡ ಗಾಳಿ ತಡೆಯುತ್ತವೆ. ಪೂಜೆ ಮುಗಿದ ಮಾರನೇ ದಿನ ಘಾಟಿ ಇಳಿಯುವ ಮುಂಚೆ ಅದನ್ನು ಬಿಚ್ಚಿಡಿ.

ಫ್ಯಾನ್

ಬಹುಪಾಲು ಡೀಸೆಲ್ ಪಿಕಪ್‌ಗಳಲ್ಲಿ ಫ್ಯಾನ್ ಬೆಲ್ಟಿನಿಂದ ತಿರುಗುತ್ತದೆ, ನಡುವೆ ಸಿಲಿಕೋನ್ ಎಣ್ಣೆ ತುಂಬಿದ ಕ್ಲಚ್ ಇರುತ್ತದೆ. ರೇಡಿಯೇಟರಿನಿಂದ ಬರುವ ಗಾಳಿ ಬಿಸಿಯಾದಾಗ ಕ್ಲಚ್ ಹಿಡಿದು ಫ್ಯಾನ್ ಜೋರಾಗುತ್ತದೆ. ಏರಿನಲ್ಲಿ ಆ ಗಾಳಿಯ ಸದ್ದು ಕ್ಯಾಬಿನ್ ಒಳಗೂ ಕೇಳಬೇಕು. ಮೊದಲು ಕೇಳುತ್ತಿದ್ದ ಸದ್ದು ಈಗ ಕೇಳುತ್ತಿಲ್ಲ ಅಂದರೆ ಅದೇ ಸುಳಿವು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಂಡು, ಫ್ಯಾನನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿ ನಿಧಾನಕ್ಕೆ ತಿರುಗಬೇಕು. ತಳ್ಳಿದರೆ ಸುಲಭವಾಗಿ ಹಲವು ಸುತ್ತು ಹಾಕಿದರೆ ಕ್ಲಚ್ ಮುಗಿದಿದೆ. ಕ್ಲಚ್ಚಿನ ನಡುವಿನಿಂದ ಹೊರಕ್ಕೆ ಎಣ್ಣೆಯ ಗೆರೆ ಹರಡಿದ್ದರೂ ಅದೇ ಅರ್ಥ. ಫ್ಯಾನಿನ ಸುತ್ತ ಇರುವ ಪ್ಲಾಸ್ಟಿಕ್ ಕವಚ ಒಡೆದಿದೆಯೆಂದು ಕಿತ್ತು ಬಿಸಾಡಿದ ಗಾಡಿಗಳಿವೆ. ಕವಚವಿಲ್ಲದಿದ್ದರೆ ಫ್ಯಾನ್ ರೇಡಿಯೇಟರ್ ಒಳಗಿಂದ ಗಾಳಿ ಎಳೆಯದೆ ಪಕ್ಕದ ಬಿಸಿಗಾಳಿಯನ್ನೇ ಸುತ್ತಿಸುತ್ತದೆ.

ಕರೆಂಟ್ ಫ್ಯಾನಿನ ಗಾಡಿಯಾದರೆ ಎಸಿ ಹಾಕಿ ನೋಡಿ. ಎಸಿ ಹಾಕಿದಾಗ ಓಡಿ, ಬಿಸಿಯಾದಾಗ ಓಡದಿದ್ದರೆ ಸೆನ್ಸರ್ ಕಡೆಯ ದೋಷ. ಎರಡಕ್ಕೂ ಓಡದಿದ್ದರೆ ಫ್ಯೂಸ್, ರಿಲೇ, ಕೊನೆಗೆ ಮೋಟಾರ್. ಬ್ಯಾಟರಿಯಿಂದ ನೇರ ವೈರ್ ಕೊಟ್ಟರೆ ಮೋಟಾರ್ ಸತ್ತಿದೆಯೋ ಇಲ್ಲವೋ ತಿಳಿಯುತ್ತದೆ.

ಥರ್ಮೋಸ್ಟಾಟ್ ಕಿತ್ತುಹಾಕಬೇಡಿ

ಹೀಟಿಂಗ್ ದೂರು ಬಂದ ಕೂಡಲೇ ಥರ್ಮೋಸ್ಟಾಟ್ ಕಿತ್ತು "ಇನ್ನು ನಮ್ಮ ಬಿಸಿಲಿಗೆ ಇದು ಬೇಡ" ಅನ್ನುವುದು ಹಳೆಯ ಅಭ್ಯಾಸ. ಇದನ್ನು ಖಂಡಿತ ಬಿಡಬೇಕು. ಥರ್ಮೋಸ್ಟಾಟ್ ಒಳಗೆ ಮೇಣದ ಗುಳಿಗೆ ಇದೆ. ಸಾಮಾನ್ಯವಾಗಿ 82ರಿಂದ 88 ಡಿಗ್ರಿಗೆ ಅದು ಕರಗಿ ಉಬ್ಬಿ ಬಾಗಿಲು ತೆರೆಯುತ್ತದೆ. ಬಾಗಿಲೇ ಇಲ್ಲದ ಎಂಜಿನ್ ಬೆಳಗಿನ ಚಳಿಯಲ್ಲಿ, ಇಳಿಜಾರಿನಲ್ಲಿ ತಣ್ಣಗೇ ಓಡುತ್ತದೆ. ಡೀಸೆಲ್ ಜಾಸ್ತಿ ಕುಡಿಯುತ್ತದೆ, ಲೈನರ್, ರಿಂಗ್ ಬೇಗ ಸವೆಯುತ್ತವೆ. ಅದಕ್ಕಿಂತ ಮುಖ್ಯವಾಗಿ, ಅನೇಕ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟಿಗೆ ಎರಡು ಕೆಲಸ. ರೇಡಿಯೇಟರ್ ದಾರಿ ತೆರೆಯುವಾಗ ಅದರ ಕೆಳಗಿನ ಬಿಲ್ಲೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದಿರುತ್ತದೆ, ಬಿಸಿನೀರಿನಲ್ಲಿ ಒಂದು ಪಾಲು ರೇಡಿಯೇಟರಿಗೆ ಹೋಗದೆ ಮತ್ತೆ ಎಂಜಿನ್ನಿಗೇ ತಿರುಗುತ್ತದೆ. ತಣ್ಣಗಾಗಲಿ ಎಂದು ಕಿತ್ತ ಗಾಡಿ ದಿಂಬಂ ಏರಿನಲ್ಲಿ ಇನ್ನಷ್ಟು ಹೀಟಾಗುವುದು ಹೀಗೆ.

ಅದು ಸರಿಯಿದೆಯೇ ಎಂದು ಮನೆಯಲ್ಲೇ ನೋಡಬಹುದು. ಅಡುಗೆಗೆ ಬಳಸದ ಹಳೆಯ ಪಾತ್ರೆಯಲ್ಲಿ ನೀರು ಕಾಯಿಸಿ. ಥರ್ಮೋಸ್ಟಾಟ್ ಬಾಗಿಲಿನ ಸಂದಿಗೆ ಒಂದು ದಾರ ಸಿಕ್ಕಿಸಿ, ಪಾತ್ರೆಯ ತಳ ಮುಟ್ಟದಂತೆ ನೀರಿನೊಳಗೆ ತೂಗುಬಿಡಿ. ತಳ ಮುಟ್ಟಿದರೆ ಲೆಕ್ಕ ತಪ್ಪುತ್ತದೆ. ಪಕ್ಕದಲ್ಲಿ ಥರ್ಮಾಮೀಟರ್ ಇರಲಿ; ಜ್ವರದ್ದಲ್ಲ, ನೂರರವರೆಗೆ ತೋರಿಸುವಂಥದ್ದು. ಬಾಗಿಲು ತೆರೆಯುತ್ತಿದ್ದಂತೆ ದಾರ ಕಳಚಿಕೊಂಡು ಅದು ಕೆಳಗೆ ಬೀಳುತ್ತದೆ. ಆಗಿನ ಡಿಗ್ರಿಯನ್ನು ಥರ್ಮೋಸ್ಟಾಟ್ ಮೇಲೆ ಕೊರೆದ ಅಂಕಿಯ ಜೊತೆ ಹೋಲಿಸಿ. ನೀರು ಕುದಿಯುವ ಹೊತ್ತಿಗೆ ಬಾಗಿಲು ಎಂಟು ಮಿಲಿಮೀಟರಿನ ಆಸುಪಾಸು ತೆರೆದಿರಬೇಕು. ಸ್ವಲ್ಪವೇ ತೆರೆದು ನಿಂತರೆ ಅದೂ ಕೆಟ್ಟದ್ದೇ, ಏರಿನಲ್ಲಿ ಮಾತ್ರ ತೊಂದರೆ ಕೊಡುವಂಥದ್ದು. ಹೊಸದನ್ನು ಕೂರಿಸುವಾಗ ಸಣ್ಣ ಗಾಳಿ ತೂತು ಮೇಲ್ಭಾಗಕ್ಕೆ ಬರಲಿ.

ಹೋಸ್, ಪಂಪ್

ತಣ್ಣಗಿರುವಾಗ ಪ್ರತಿ ಹೋಸನ್ನೂ ಕ್ಲಿಪ್ಪಿನ ಹತ್ತಿರ ಹಿಸುಕಿ. ಹೋಸ್ ಸಾಯುವುದು ಒಳಗಿನಿಂದ, ಅದೂ ತುದಿಯ ಕಡೆ. ಮಧ್ಯದಲ್ಲಿ ಗಟ್ಟಿಯಿದ್ದು ತುದಿಯಲ್ಲಿ ಮೆದುವಾಗಿದ್ದರೆ ಬದಲಾಯಿಸಿ. ಕೆಳಗಿನ ಹೋಸ್ ಪಂಪ್ ಹೀರುವ ಬದಿಯದು. ಒಳಗೆ ಸ್ಪ್ರಿಂಗ್ ಇದ್ದು ಅದು ತುಕ್ಕು ತಿಂದು ಹೋಗಿದ್ದರೆ ರೇಸ್ ಕೊಟ್ಟಾಗ ಹೋಸ್ ಚಪ್ಪಟೆಯಾಗುತ್ತದೆ. ಒಬ್ಬರು ರೇಸ್ ಕೊಡಲಿ, ಇನ್ನೊಬ್ಬರು ಫ್ಯಾನ್, ಬೆಲ್ಟಿನಿಂದ ದೂರ ನಿಂತು ನೋಡಲಿ.

ಪಂಪಿನ ಕೆಳಗೆ ಒಂದು ಸಣ್ಣ ರಂಧ್ರವಿದೆ. ಸೀಲ್ ಹೋದಾಗ ನೀರು ಬೇರಿಂಗಿಗೆ ಹೋಗದೆ ಹೊರಗೆ ಬರಲೆಂದೇ ಅದನ್ನು ಇಟ್ಟಿದ್ದಾರೆ. ಅಲ್ಲಿ ಕೂಲಂಟ್ ಬಣ್ಣದ ಕಲೆ ಇದ್ದರೆ ಪಂಪ್ ಬದಲಾಯಿಸುವ ಕಾಲ ಬಂದಿದೆ. ಆ ರಂಧ್ರಕ್ಕೆ ಎಂ‌-ಸೀಲ್ ಮೆತ್ತಿ ಸೋರಿಕೆ ನಿಲ್ಲಿಸಿದರೆ ಬೇರಿಂಗ್ ಕೆಟ್ಟು ಪುಲ್ಲಿ ಸಮೇತ ಕಿತ್ತು ಬರುತ್ತದೆ. ಫ್ಯಾನ್ ಪಂಪಿನ ಮೇಲೇ ಕೂತಿರುವ ಗಾಡಿಯಲ್ಲಿ ಅದು ನೇರ ರೇಡಿಯೇಟರಿಗೇ ಹೊಡೆಯುತ್ತದೆ.

ನೀರೇ ಕಾರಣ

ದಿಂಬಂ ಏರಿನ ದೂರುಗಳಲ್ಲಿ ಬಹಳಷ್ಟಕ್ಕೆ ಮೂಲ ನಾವು ತುಂಬಿಸುವ ನೀರು. ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ತಳ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಗಡಸು ನೀರಿನ ಸುಣ್ಣದ ಅಂಶ ಬಿಸಿಯಾದಷ್ಟೂ ಕರಗಿರಲಾರದೆ ಹೊರಬೀಳುತ್ತದೆ. ಹಾಗಾಗಿ ಎಂಜಿನ್ನಿನಲ್ಲಿ ಎಲ್ಲಿ ಬಿಸಿ ಜಾಸ್ತಿಯೋ ಅಲ್ಲೇ, ಅಂದರೆ ಸಿಲಿಂಡರ್ ಹೆಡ್ಡಿನ ದಾರಿಗಳಲ್ಲಿ, ಅದು ಮೊದಲು ಅಂಟುತ್ತದೆ. ತಣಿಯಬೇಕಾದ ಜಾಗಕ್ಕೇ ಕಂಬಳಿ ಹೊದಿಸಿದ ಹಾಗೆ.

ಹಳೆಯ ಹಿತ್ತಾಳೆ ರೇಡಿಯೇಟರಿನ ಮೇಲಿನ ತೊಟ್ಟಿಯನ್ನು ಬೆಸುಗೆ ಬಿಡಿಸಿ ತೆಗೆದಾಗ ಇದು ಕಣ್ಣಿಗೆ ಕಾಣುತ್ತದೆ. ಸಾಲಾಗಿರುವ ಚಪ್ಪಟೆ ಕೊಳವೆಗಳ ಬಾಯಿ ಸುತ್ತ ಬಿಳಿ, ಕಂದು ಬೆರೆತ ಗಟ್ಟಿ ಪದರ. ಪಿನ್ನು ಹಾಕಿದರೂ ಹೋಗದಷ್ಟು ಮುಚ್ಚಿದ ಕೊಳವೆಗಳು. ತಳದಲ್ಲಿ ತುಕ್ಕಿನ ಕೆಸರು. ಯಾರೋ ಸೋರಿಕೆ ನಿಲ್ಲಿಸಲು ಹಾಕಿದ ಅರಿಶಿನದ ಮುದ್ದೆ ಕೂಡ ಒಮ್ಮೊಮ್ಮೆ ಅಲ್ಲೇ ಸಿಗುತ್ತದೆ. ಅರಿಶಿನ ಬೆಳೆಯುವ ಸೀಮೆಯವರು ನಾವು, ಕಾಡಿನ ನಡುವೆ ಮನೆ ಸೇರಲು ಒಂದು ದಿನದ ಮಟ್ಟಿಗೆ ಅದು ಉಪಾಯವಾದೀತು. ಊರು ಸೇರಿದ ಮೇಲೆ ಸೋರಿಕೆ ಸರಿಮಾಡಿಸಿ ಫ್ಲಶ್ ಮಾಡಲೇಬೇಕು, ಅಂದರೆ ನೀರಿನ ದಾರಿಯನ್ನೆಲ್ಲ ಒಳಗಿನಿಂದ ತೊಳೆಯಲೇಬೇಕು. ತೂತು ಮುಚ್ಚುವ ಪುಡಿಗೆ ತೂತು ಯಾವುದು, ಕೊಳವೆ ಯಾವುದು ಎಂಬ ಭೇದವಿಲ್ಲ.

ಬಿಚ್ಚದೆ ತಿಳಿಯಲು, ಎಂಜಿನ್ ಬಿಸಿಯಾಗಿ ನೀರು ಹರಿಯತೊಡಗಿದ ಮೇಲೆ ಆಫ್ ಮಾಡಿ, ರೇಡಿಯೇಟರಿನ ಮುಖವನ್ನು ಅಲ್ಲಲ್ಲಿ ತಾಪ ಅಳೆಯುವ ಗನ್ನಿನಿಂದ ನೋಡಿ. ನೀರು ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ಬಿಸಿ ಹಂತ ಹಂತವಾಗಿ ಇಳಿಯಬೇಕು. ನಡುವೆ ಒಂದು ಕಡೆ ತಣ್ಣಗೆ, ಪಕ್ಕದಲ್ಲೇ ಸುಡುವ ಬಿಸಿ ಇದ್ದರೆ ತಣ್ಣನೆಯ ಕೊಳವೆಗಳು ಕಟ್ಟಿವೆ. ಹಿತ್ತಾಳೆಯದಾದರೆ ಬಿಚ್ಚಿ ಸಲಾಕೆ ಹಾಕಿ ಕೆರೆಯಿಸಬಹುದು. ಪ್ಲಾಸ್ಟಿಕ್ ತೊಟ್ಟಿಯ ಅಲ್ಯೂಮಿನಿಯಂ ರೇಡಿಯೇಟರ್ ಅಷ್ಟರ ಮಟ್ಟಿಗೆ ಕಟ್ಟಿದ್ದರೆ ಬದಲಾಯಿಸುವುದೇ ಸರಿ.

ಫ್ಲಶ್ ಮಾಡುವ ಕ್ರಮ

ಎಂಜಿನ್ ಪೂರ್ತಿ ತಣಿದಿರಲಿ. ಹೀಟರ್ ಇದ್ದರೆ ಫುಲ್ ಬಿಸಿಗೆ ಇಡಿ, ಅದರ ದಾರಿಯೂ ತೆರೆದುಕೊಳ್ಳಲಿ. ಕೆಳಗೆ ಅಗಲದ ಬಾಣಲೆ ಇಟ್ಟು ರೇಡಿಯೇಟರಿನ ಡ್ರೈನ್ ತಿರುಪು ಬಿಚ್ಚಿ. ಎಂಜಿನ್ ಬ್ಲಾಕಿಗೆ ಬೇರೆ ಡ್ರೈನ್ ಪ್ಲಗ್ ಇದ್ದರೆ ಅದನ್ನೂ. ಬಂದ ನೀರನ್ನು ಅಳೆದಿಟ್ಟುಕೊಳ್ಳಿ, ಕೊನೆಗೆ ಲೆಕ್ಕಕ್ಕೆ ಬೇಕು. ಅದರ ಬಣ್ಣವನ್ನೂ ನೋಡಿ. ತುಕ್ಕಿನ ಕೆಂಪಾದರೆ ಕೂಲಂಟಿನ ತುಕ್ಕುನಿರೋಧಕ ಔಷಧಿ ಯಾವತ್ತೋ ಮುಗಿದಿದೆ. ಮೇಲೆ ಎಣ್ಣೆ ತೇಲುತ್ತಿದ್ದರೆ ಫ್ಲಶ್ ಅಲ್ಲಿಗೇ ನಿಲ್ಲಿಸಿ, ಆಯಿಲ್ ಕೂಲರ್ ಅಥವಾ ಗ್ಯಾಸ್ಕೆಟ್ ನೋಡಬೇಕು.

ಡ್ರೈನ್ ಮುಚ್ಚಿ ಶುದ್ಧ ನೀರು ತುಂಬಿಸಿ, ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾಗುವವರೆಗೆ ಓಡಿಸಿ, ತಣಿಯಲು ಬಿಡಿ, ಹರಿಸಿ. ಹೋಸ್ ಬಿಸಿಯಾಗುವ ಮುಂಚೆಯೇ ಹರಿಸಿದರೆ ಎಂಜಿನ್ ಒಳಗಿನ ಹಳೇ ನೀರು ಅಲ್ಲೇ ಇರುತ್ತದೆ. ನೀರು ತಿಳಿಯಾಗಿ ಬರುವವರೆಗೆ ಇದೇ ಕೆಲಸ. ಕೆಸರು ಜಾಸ್ತಿಯಿದ್ದರೆ ಎರಡೂ ಹೋಸ್ ಬಿಚ್ಚಿ ರೇಡಿಯೇಟರಿನ ಕೆಳಬಾಯಿಯಿಂದ ಮೇಲಕ್ಕೆ, ನೀರು ಮಾಮೂಲಿ ಹರಿಯುವುದಕ್ಕೆ ಉಲ್ಟಾ, ನಿಧಾನವಾಗಿ ಪೈಪಿನ ನೀರು ಬಿಡಿ. ಈ ತೊಳೆಯುವ ಹಂತಕ್ಕೆ ಮಳೆನೀರು ಹಿಡಿದಿಟ್ಟಿದ್ದರೆ ಅದೇ ಉತ್ತಮ. ಕೊನೆಯ ಜಾಲಾಟ ಮಾತ್ರ ಡಿಸ್ಟಿಲ್ಡ್ ನೀರಿನಲ್ಲೇ ಆಗಬೇಕು.

ಸುಣ್ಣದ ಪದರಕ್ಕೆ ಅಂಗಡಿಯಲ್ಲಿ ಸಿಗುವ ರೇಡಿಯೇಟರ್ ಫ್ಲಶ್ ಬಳಸಿ, ಡಬ್ಬಿಯ ಮೇಲೆ ಬರೆದಷ್ಟೇ ಹೊತ್ತು. ಬಾತ್‌ರೂಮ್ ತೊಳೆಯುವ ಆಸಿಡ್ ಹಾಕುವುದು, ಕಾಸ್ಟಿಕ್ ಸೋಡ ಕಲಸಿ ತುಂಬಿಸುವುದು ಬೇಡವೇ ಬೇಡ. ಕಾಸ್ಟಿಕ್ ಸೋಡ ಅಲ್ಯೂಮಿನಿಯಮ್ಮನ್ನು ಕರಗಿಸುತ್ತದೆ. ಈಗಿನ ಹೆಡ್, ರೇಡಿಯೇಟರ್ ಎರಡೂ ಅಲ್ಯೂಮಿನಿಯಮ್ಮೇ.

ಇನ್ನು ಕೂಲಂಟ್. ಎಲ್ಲರೂ ಬಣ್ಣ ನೋಡಿ ಕೊಳ್ಳುತ್ತಾರೆ, ಆದರೆ ಬಣ್ಣಕ್ಕೆ ಯಾವ ಕಾನೂನೂ ಇಲ್ಲ. ಒಂದು ಕಂಪನಿಯ ಹಸಿರು ಇನ್ನೊಂದರ ಹಸಿರಲ್ಲ. ಗಾಡಿಯ ಕೈಪಿಡಿಯಲ್ಲಿ ಯಾವ ಬಗೆ ಎಂದಿದೆಯೋ ಅದನ್ನು ಕೊಳ್ಳಿ, ಡಬ್ಬಿಯ ಮೇಲೆ ಐಎಸ್ 5759 (ಭಾರತದ ಗುಣಮಟ್ಟದ ಗುರುತು) ಅಥವಾ ಜೆಐಎಸ್ ಕೆ 2234 (ಜಪಾನಿನದು) ಇದೆಯೇ ನೋಡಿ. ಹಳೆಯ ಬಗೆಯದು ಸುಮಾರು 2 ವರ್ಷ, ಸಾವಯವ ಆಮ್ಲದ ಹೊಸ ಬಗೆಯದು ಸುಮಾರು 5 ವರ್ಷ ಬಾಳುತ್ತದೆ. ಎರಡನ್ನೂ ಬೆರೆಸಿದರೆ ಬಾಳಿಕೆ ಹೋಗುತ್ತದೆ, ಕೆಲವು ಬೆರಕೆ ಲೋಳೆಯೂ ಆಗುತ್ತದೆ. ಗಡಸು ನೀರಿನಲ್ಲಿ ಕಲಸಿದರೂ ಅದರ ತುಕ್ಕುನಿರೋಧಕ ಔಷಧಿ ಸುಣ್ಣದ ಜೊತೆ ಸೇರಿ ಗಸಿಯಾಗುತ್ತದೆ. "ನಮ್ಮಲ್ಲಿ ಹಿಮ ಬೀಳಲ್ಲ, ಕೂಲಂಟ್ ಯಾಕೆ" ಅನ್ನುವವರಿಗೆ ಇಷ್ಟೇ ಉತ್ತರ: ಅದು ಕುದಿಯುವ ಮಟ್ಟವನ್ನು ಏರಿಸುತ್ತದೆ, ತುಕ್ಕು ತಡೆಯುತ್ತದೆ, ಪಂಪಿನ ಸೀಲ್ ಕಾಯುತ್ತದೆ.

ಅಳತೆಯಲ್ಲೇ ಬಹಳ ಜನ ಎಡವುತ್ತಾರೆ. ಗಾಡಿಯ ಒಟ್ಟು ಸಾಮರ್ಥ್ಯ 8 ಲೀಟರ್ ಎನ್ನಿ. ಡ್ರೈನ್ ಮಾಡಿದಾಗ 5 ಲೀಟರ್ ಬಂತು. ಉಳಿದ 3 ಲೀಟರ್ ಬ್ಲಾಕಿನ ಒಳಗೇ ಇದೆ, ತೊಳೆದ ಮೇಲೆ ಅದು ಬರೀ ನೀರು. ಈಗ ಅರ್ಧಕ್ಕರ್ಧ ಬೆರೆಸಿದ ರೆಡಿ ಕೂಲಂಟ್ 5 ಲೀಟರ್ ಸುರಿದರೆ ಒಳಗಿರುವ ಅಸಲಿ ಕೂಲಂಟ್ ಎರಡೂವರೆ ಲೀಟರ್ ಮಾತ್ರ, ನೂರಕ್ಕೆ 31ರಷ್ಟು. ಅದರ ಬದಲು ನೀರು ಬೆರೆಸದ ಕಾನ್ಸಂಟ್ರೇಟ್ 4 ಲೀಟರ್ ಮೊದಲು ಹಾಕಿ, ಮೇಲೆ 1 ಲೀಟರ್ ಡಿಸ್ಟಿಲ್ಡ್ ನೀರು. ಆಗ ಸರಿಯಾಗಿ ಅರ್ಧಕ್ಕರ್ಧ.

ತುಂಬಿಸುವಾಗ ಗಾಡಿಯ ಮೂತಿ ಮೇಲಕ್ಕಿರುವಂತೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಗಾಳಿ ಬಿಡುವ ತಿರುಪು ಇದ್ದರೆ ಸಡಿಲಿಸಿ, ಗುಳ್ಳೆಯಿಲ್ಲದೆ ಕೂಲಂಟ್ ಬಂದ ಮೇಲೆ ಬಿಗಿಮಾಡಿ. ಮುಚ್ಚಳ ತೆಗೆದೇ ಐಡ್ಲಿಂಗ್‌ನಲ್ಲಿ ಓಡಿಸಿ, ಮೇಲಿನ ಹೋಸ್ ಹಿಸುಕುತ್ತಾ ಇರಿ. ಗಾಳಿ ಗುಳುಗುಳು ಬಂದು ಮಟ್ಟ ಇಳಿಯುತ್ತದೆ, ಸೇರಿಸುತ್ತಾ ಹೋಗಿ.

ಹಳೆಯ ಕೂಲಂಟನ್ನು ಚರಂಡಿಗೋ ಹೊಲದ ಬದಿಗೋ ಚೆಲ್ಲಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ, ದನ ನೆಕ್ಕುತ್ತವೆ. ಸ್ವಲ್ಪ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಕಾಡಂಚಿನ ನಮ್ಮ ಊರುಗಳಲ್ಲಿ ಬೇರೆ ಪ್ರಾಣಿಗಳಿಗೂ ಅದೇ ಗತಿ. ಕ್ಯಾನಿಗೆ ತುಂಬಿ, ಕುಡಿಯುವ ನೀರಿನ ಬಾಟಲಿಗಂತೂ ಹಾಕದೆ, ಹಳೇ ಆಯಿಲ್ ಒಪ್ಪಿಸುವ ವರ್ಕ್‌ಶಾಪಿಗೆ ಬೇರೆಯಾಗಿಯೇ ಕೊಡಿ.

ಇಷ್ಟಾದರೂ ನೀರು ಕಡಿಮೆಯಾಗುತ್ತಿದ್ದರೆ

ಹೊರಗೆ ಹನಿ ಸೋರಿಕೆಯಿಲ್ಲ, ನೀರು ಮಾತ್ರ ಕಡಿಮೆ. ಹಾಗಿದ್ದರೆ ಬೆಳಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ತುಂಬಿಸಿದ ಮಾರನೇ ದಿನ ಒಂದಷ್ಟು ಗುಳ್ಳೆ ಸಹಜ. ದಿನ ಕಳೆದರೂ, ಥರ್ಮೋಸ್ಟಾಟ್ ತೆರೆಯುವ ಮುಂಚೆಯೇ ಬಿಡದೆ ಗುಳ್ಳೆ ಬರುತ್ತಿದ್ದರೆ, ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಾಗುತ್ತಿದ್ದರೆ ಸಿಲಿಂಡರಿನ ಒತ್ತಡ ನೀರಿಗೆ ಬರುತ್ತಿದೆ, ಹೆಡ್ ಗ್ಯಾಸ್ಕೆಟ್. ಆಯಿಲ್ ಮುಚ್ಚಳದ ಅಡಿಯಲ್ಲಿ ಹಾಲು ಕಾಫಿಯ ಬಣ್ಣದ ನೊರೆ ಇದ್ದರೆ ಗಾಡಿ ಓಡಿಸಲೇಬೇಡಿ, ಬೇರಿಂಗ್‌ಗಳು ಹೋಗುತ್ತವೆ. ಬಿಎಸ್ 4, ಬಿಎಸ್ 6 ಡೀಸೆಲ್ ಗಾಡಿಗಳಲ್ಲಿ ಇಜಿಆರ್ ಕೂಲರ್ (ಹೊಗೆಯ ಒಂದು ಪಾಲನ್ನು ತಣಿಸಿ ಎಂಜಿನ್ನಿಗೆ ವಾಪಸ್ ಬಿಡುವ ಭಾಗ) ಒಳಗೆ ಬಿರುಕು ಬಿಟ್ಟರೂ ನೀರು ಸೈಲೆನ್ಸರಿನಲ್ಲಿ ಬಿಳಿ ಹೊಗೆಯಾಗಿ ಹೋಗುತ್ತದೆ. ಗ್ಯಾಸ್ಕೆಟ್ ಎಂದು ಹೆಡ್ ಇಳಿಸುವ ಮುಂಚೆ ಇಜಿಆರ್ ಕೂಲರನ್ನು ಪ್ರೆಶರ್ ಹಾಕಿ ನೋಡಲು ಹೇಳಿ; ಖರ್ಚಿನಲ್ಲಿ ಬಹಳ ವ್ಯತ್ಯಾಸವಿದೆ. ಹೆಡ್ ಇಳಿಸಿದ್ದೇ ಆದರೆ ಬರೀ ಗ್ಯಾಸ್ಕೆಟ್ ಬದಲಾಯಿಸಿ ಕೂರಿಸಲು ಬಿಡಬೇಡಿ. ನೇರ ಪಟ್ಟಿ ಇಟ್ಟು ಹೆಡ್ ಸೊಟ್ಟಗಾಗಿದೆಯೇ ಅಳೆಯಲೇಬೇಕು.

ಕೂಲಿಂಗ್‌ನಲ್ಲಿ ಏನೂ ಸಿಗದಿದ್ದರೆ ಚಕ್ರಗಳನ್ನು ಮುಟ್ಟಿ ನೋಡಿ. ಬ್ರೇಕ್ ಹಿಡಿದುಕೊಂಡು ಉಳಿದರೆ, ಕ್ಲಚ್ ಜಾರುತ್ತಿದ್ದರೆ ಎಂಜಿನ್ ದುಪ್ಪಟ್ಟು ದುಡಿಯುತ್ತದೆ. ಒಂದು ಡ್ರಮ್ ಮಾತ್ರ ಸುಡುತ್ತಿದ್ದರೆ ದೋಷ ಅಲ್ಲಿದೆ.

ಫ್ಲಶ್ ಆದ ಮೇಲೆ ಒಂದು ವಾರ ದಿನವೂ ಬೆಳಗ್ಗೆ ಮಟ್ಟ ನೋಡಿ, ಟ್ಯಾಂಕಿನ ಮೇಲೆ ಮಾರ್ಕರಿನಿಂದ ಗೆರೆ ಎಳೆದಿಡಿ. ಮೊದಲ ಸಲ ಘಾಟಿ ಹತ್ತುವುದು ಬೆಳಗಿನ ಹೊತ್ತು, ಅರ್ಧ ಲೋಡಿನಲ್ಲಿ ಇರಲಿ. ಡಿಸ್ಟಿಲ್ಡ್ ನೀರಿನ ಎರಡು ಕ್ಯಾನ್ ಸೀಟಿನ ಹಿಂದಿರಲಿ. ಬಣ್ಣಾರಿಯಲ್ಲಿ ನಿಲ್ಲಿಸಿದಾಗ ಮುಳ್ಳು ಎಲ್ಲಿದೆ, ದಿಂಬಂ ಮೇಲೆ ಬಂದಾಗ ಎಲ್ಲಿದೆ, ಎರಡನ್ನೂ ನೆನಪಿಟ್ಟುಕೊಳ್ಳಿ. ಮುಂದಿನ ಸಲ ಅದೇ ಲೋಡಿಗೆ ಮುಳ್ಳು ಆ ಗುರುತಿಗಿಂತ ಮೇಲೆ ಹೋದರೆ ಮತ್ತೆ ಮುಚ್ಚಳದಿಂದ ಶುರುಮಾಡಿ.